ಸಕ್ಕರೆ ಗುಡಿಯೊಳಗಿನ ಸ್ಟೇಷನ್ ಮಾಸ್ತರ

ನನ್ನ ಮದುವೆಯ ಫೋಟೋದಲ್ಲಿ ನಾನು ಅರ್ಧವೇ ಇದ್ದೇನೆ. ಎಡಗಡೆಯ ಭುಜ ಇಲ್ಲ, ಎಡಗಿವಿ ಇಲ್ಲ, ಬಾಸಿಂಗದ ಒಂದು ಕಡೆ ಇಲ್ಲ. ನನ್ನ ಹೆಂಡತಿ ಶರಣಬಸಮ್ಮ ಮುಕ್ಕಾಲು ಇದ್ದಾಳೆ. ನಮ್ಮಿಬ್ಬರ ನಡುವೆ ಒಂದು ಮಣೆ, ಮಣೆಯ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ನಡುಬೆರಳಷ್ಟು ಎತ್ತರದ ಒಬ್ಬ ತಗಡಿನ ಮನುಷ್ಯ. ಅವನೊಬ್ಬನೇ ಪೂರ್ತಿ ಇದ್ದಾನೆ, ತಲೆಯಿಂದ ಪಾದದವರೆಗೆ. ಎದೆಯ ಮೇಲೆ ಬರೆದ ಗಡಿಯಾರದಂಥ ಚಿತ್ರ ಕೂಡ ಸ್ಪಷ್ಟವಾಗಿ ಬಂದಿದೆ.

ಚಿತ್ತಾಪುರದಿಂದ ಬಂದ ಫೋಟೋದವನು ಕರಿಬಟ್ಟೆಯೊಳಗೆ ತಲೆ ಹಾಕಿ, "ಈ ಸಣ್ಣ ದೇವರು ಕಾಣಬೇಕಂದ್ರ ಸಮೀಪ ಬರಬೇಕ್ರಿ. ಸಮೀಪ ಬಂದ್ರ ಅಂಚಿನ್ಯಾಗ ಇದ್ದವರು ಹಿಡಿಸಂಗಿಲ್ಲ. ಯಾರನ್ನ ಬಿಡ್ಲಿ?" ಎಂದು ಕೇಳಿದ. ನನ್ನ ಹೆಂಡತಿಯ ಅಜ್ಜಿ ಭಾಗಮ್ಮ, "ದೇವರನ್ನ ಬಿಡಬ್ಯಾಡೋ ತಮ್ಮಾ" ಅಂದಳು. ಅಷ್ಟೇ. ಮದುಮಗನನ್ನು ಬಿಟ್ಟರು.

ಆಗ ನಮ್ಮದು ಮೈಸೂರು ರಾಜ್ಯ. ಈಗ ಕರ್ನಾಟಕ. ವಾಡಿ ಜಂಕ್ಷನ್ನಿಗೆ ಹೊಗೆ ಬಂಡಿಗಳ ಜೊತೆ ಡೀಸೆಲ್ ಬಂಡಿಗಳೂ ಬಂದವು. ಫೋಟೋ ಮಾತ್ರ ಹಾಗೇ ಇದೆ. ಮನೆಗೆ ಬಂದ ಬೀಗರು, ಪೋಸ್ಟಿನವನು, ಹಾಲಿನವನು, ಎಲ್ಲರೂ ಅದರ ಮುಂದೆ ನಿಂತು, "ಇದ್ಯಾರ್ರಿ ನಡುವ?" ಎಂದು ಕೇಳುತ್ತಾರೆ. ಇಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಭಾಗಮ್ಮಜ್ಜಿ ಲಿಂಗೈಕ್ಯಳಾದ ಮೇಲೆ ಇನ್ನು ಹೇಳಲು ಅಡ್ಡಿಯಿಲ್ಲ. ಇದಕ್ಕೆಲ್ಲ ಕಾರಣ ಬಂದೇಅಲಿ.

ಬಂದೇಅಲಿ ವಾಡಿಯಲ್ಲಿ ನಮ್ಮ ಓಣಿಯವನೇ. ಸಕ್ಕರೆ ಗೊಂಬೆ ಮಾಡುವವನು. ಅವನಪ್ಪ, ಅವನಪ್ಪನ ಅಪ್ಪ ಎಲ್ಲರದೂ ಅದೇ ಕೆಲಸ. ವರ್ಷವೆಲ್ಲ ಬತ್ತಾಸು, ಸಂಕ್ರಾಂತಿಗೆ ಕುಸುರೆಳ್ಳು, ಗೌರಿ ಹುಣ್ಣಿಮೆ ಬಂತೆಂದರೆ ಆರತಿಯ ಗೊಂಬೆಗಳು. ನಮ್ಮ ಕಡೆ ಹುಡುಗಿ ಗೊತ್ತಾದ ಮೇಲೆ ಆ ಹುಣ್ಣಿಮೆಗೆ ಗಂಡಿನ ಮನೆಯಿಂದ ಸೀರೆ, ಹೂವು, ಸಕ್ಕರೆಯ ಆನೆ, ಕುದುರೆ, ನವಿಲು, ಗುಡಿ ಹೋಗಬೇಕು. ಹುಡುಗಿ ಅವನ್ನು ತಟ್ಟೆಯಲ್ಲಿಟ್ಟುಕೊಂಡು ಗೌರಿಗೆ ಬೆಳಗುತ್ತಾಳೆ. ಹಾಗೆ ಆರತಿ ತಟ್ಟೆಗೆ ಹೋದದ್ದು ಹುಡುಗಿಯ ಸ್ವತ್ತು. ಕೊಟ್ಟವರು ತಿರುಗಿ ಕೇಳಬಾರದು, ತೆಗೆದುಕೊಂಡವರು ತಿರುಗಿ ಕೊಡಬಾರದು. ಕೊಟ್ಟರೆ ಸಂಬಂಧ ಮುರಿದ ಹಾಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಕುತ್ತಿಗೆಗೆ ಬಿದ್ದದ್ದು ಇದೇ.

ಬಂದೇಅಲಿಯ ಕೈಯ ಸಕ್ಕರೆ ಆನೆಗೆ ಸೊಂಡಿಲಿನ ಸುಕ್ಕು ಕೂಡ ಇರುತ್ತಿತ್ತು. ಅದು ಬಿಟ್ಟರೆ ಮನುಷ್ಯ ಅಷ್ಟಕ್ಕಷ್ಟೇ. ಕುಳ್ಳ, ಹೊಟ್ಟೆ ಮುಂದೆ, ಹುಬ್ಬಿನ ಮೇಲೆ ಯಾವಾಗಲೂ ಸಕ್ಕರೆ ಪುಡಿ. ನಗಲು ಶುರು ಮಾಡಿದರೆ ನಿಲ್ಲಿಸಲು ಅವನಿಗೆ ಬರುತ್ತಿರಲಿಲ್ಲ, ಸಾವಿನ ಮನೆಯಲ್ಲಿಯೂ. ಇಂಥವನಿಗೆ ಒಂದು ಹುಚ್ಚು ಹತ್ತಿತು.

ಅವನ ಹೆಂಡತಿ ಜೈತುನ್ಬೀಯ ತಮ್ಮ ಶಹಾಬುದ್ದೀನ ಮುಂಬೈಯಲ್ಲಿ ಹಡಗಿನ ಖಲಾಸಿ. ಜಪಾನಿನವರೆಗೂ ಹೋಗಿ ಬರುತ್ತಿದ್ದ. ಒಂದು ಸಲ ಮೇಲ್ ಗಾಡಿಯಿಂದ ವಾಡಿಗೆ ಇಳಿದವನು ಅಕ್ಕನಿಗೆ ಹೂವಿನ ಬಟ್ಟೆ, ಭಾವನಿಗೆ ಒಂದು ಸಣ್ಣ ಡಬ್ಬಿ ತಂದ. ಡಬ್ಬಿಯೊಳಗೆ ತಗಡಿನ ಗೊಂಬೆ. ಚೌಕಾದ ತಲೆ, ಚೌಕಾದ ಎದೆ, ಕಣ್ಣಿನ ಜಾಗದಲ್ಲಿ ಎರಡು ತೂತು, ಬೆನ್ನಿನಲ್ಲಿ ಕೀಲಿ ಹಾಕಲು ಒಂದು ತೂತು. ಇದಕ್ಕೆ ರೋಬೋಟ್ ಅನ್ನುತ್ತಾರೆ, ಯಂತ್ರದ ಮನುಷ್ಯ ಎಂದು ಶಹಾಬುದ್ದೀನ ಹೇಳಿದ. ಬಂದೇಅಲಿ ಕೀಲಿ ತಿರುಗಿಸಿ ಬತ್ತಾಸಿನ ಕಲ್ಲಿನ ಮೇಲೆ ಬಿಟ್ಟ. ಅದು ಕರ್ ಕರ್ ಎಂದು ನಡೆಯುತ್ತ ಅಂಚಿಗೆ ಹೋಗಿ, ಬತ್ತಾಸಿನ ಬುಟ್ಟಿಯೊಳಗೆ ತಲೆಕೆಳಗಾಗಿ ಬಿದ್ದು, ಅಲ್ಲೂ ಕಾಲು ಬಡಿಯುತ್ತಲೇ ಇತ್ತು. ಬಂದೇಅಲಿ ನಗಲು ಶುರು ಮಾಡಿದ. ಒಲೆಯ ಮೇಲಿನ ಪಾಕ ಹೊತ್ತಿ ಓಣಿಯೆಲ್ಲ ಸೀದ ವಾಸನೆ ಬಂದು, ಬೆಂಕಿ ಬಿದ್ದಿದೆ ಎಂದು ನಾನು ನೀರಿನ ಕೊಡ ಹಿಡಿದು ಓಡಿ ಹೋದರೆ, ಇವನು ನೆಲದ ಮೇಲೆ ಉರುಳಾಡಿ ನಗುತ್ತಿದ್ದಾನೆ. ಕೊಡ ಅವನ ಮೇಲೆಯೇ ಸುರಿದು ಬಂದೆ.

ಅಂದಿನಿಂದ ಶಹಾಬುದ್ದೀನ ಬಂದಾಗಲೆಲ್ಲ ಬಂದೇಅಲಿ ಸ್ಟೇಷನ್ನಿನಲ್ಲಿ ನಿಂತಿರುತ್ತಿದ್ದ. ಹೆಂಡತಿಯ ತಮ್ಮ ಚೆನ್ನಾಗಿದ್ದಾನೋ ಇಲ್ಲವೋ ಕೇಳುತ್ತಿರಲಿಲ್ಲ. ಮೊದಲು ಪೆಟ್ಟಿಗೆ ಬಿಚ್ಚಿಸುತ್ತಿದ್ದ. ಅವನಿಗೆ ಎಲ್ಲ ರೋಬೋಟೂ ಬೇಡ, ಹಳೆಯವೇ ಬೇಕು. ಜಪಾನಿನ ಕಂಪನಿಯವರು ಒಂದೇ ಗೊಂಬೆಯನ್ನು ಮತ್ತೆ ಮತ್ತೆ ಮಾಡಿ ಮಾರುತ್ತಾರಂತೆ. ಮೊದಲ ಸಲ ಮಾಡಿದ್ದು ಪೂರಾ ತಗಡು. ಆಮೇಲಿನದಕ್ಕೆ ಕೈ ಪ್ಲಾಸ್ಟಿಕ್ಕಿನದು, ಕಣ್ಣು ತೂತಿನ ಬದಲು ಬರೇ ಬಣ್ಣ. "ಹೊಸಾ ಮಾಲು ತರಬ್ಯಾಡ, ಹಳೇ ಅಂಗಡ್ಯಾಗ ಹುಡುಕು, ಧೂಳು ಹಿಡದದ್ದು ತಾ" ಎಂದು ಅವನನ್ನು ಪೀಡಿಸುತ್ತಿದ್ದ. ಹಡಗಿನ ಮಂದಿ ಬಂದರಿನಲ್ಲಿ ಏನೇನೋ ಹುಡುಕಿಕೊಂಡು ಹೋಗುತ್ತಾರೆ, ಪಾಪ ಶಹಾಬುದ್ದೀನ ಧೂಳು ಹಿಡಿದ ಗೊಂಬೆ ಹುಡುಕಿಕೊಂಡು ಹೋಗುತ್ತಿದ್ದ.

ಹಳೆಯದೋ ಹೊಸದೋ ಎಂದು ಪರೀಕ್ಷೆ ಮಾಡುವ ಅವನ ರೀತಿ ಬೇರೆಯೇ. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ಬೆರಳಿನ ತುದಿಯಿಂದ ನಾಲಿಗೆಗೆ ಹಚ್ಚಿ ನೋಡುವ ಜಾತಿ ಅದು. ಗೊಂಬೆಯನ್ನೂ ಹಾಗೇ ನೋಡುತ್ತಿದ್ದ. ಹಳೇ ತಗಡು ಹುಳಿ ಇರುತ್ತದಂತೆ. ಒಮ್ಮೆ ಸೇಡಮಿನ ಗುರುಲಿಂಗಯ್ಯನವರ ಫ್ಯಾನ್ಸಿ ಅಂಗಡಿಯಲ್ಲಿ ಅಂಥ ಒಂದು ಗೊಂಬೆ ಇದೆ ಎಂದು ಯಾರೋ ಹೇಳಿದರು. ನನಗೂ ಅಲ್ಲಿ ಟೈರು ತರುವುದಿತ್ತು, ಇಬ್ಬರೂ ಹೋದೆವು. ಗುರುಲಿಂಗಯ್ಯನವರು ಮರ್ಯಾದೆಯಿಂದ ಗಾಜಿನ ಕಪಾಟು ತೆಗೆದು ಗೊಂಬೆ ಕೈಗೆ ಕೊಟ್ಟರು. ಇವನು ಅದನ್ನು ತಿರುಗಿಸಿ ನೋಡಿ, ಅಂಗಡಿಯ ತುಂಬ ಹೆಣ್ಣುಮಕ್ಕಳು ಬಳೆ ಆರಿಸುತ್ತ ನಿಂತಿರುವಾಗ, ನಾಲಿಗೆ ಹೊರಗೆ ಹಾಕಿ ಅದರ ತಲೆ ನೆಕ್ಕಿದ.

"ಏ ಏ, ಏನ್ ಮಾಡಾಕತ್ತೀಯೋ? ಎಂಜಲಾತು, ಇನ್ನ ಇದನ್ನ ನೀನೇ ತಗೋಬೇಕು!" ಅಂದರು ಗುರುಲಿಂಗಯ್ಯ.

"ಹೊಸದ್ರಿ ಇದು, ಅಯ್ಯನೋರೆ. ಭಾಳ ಸಪ್ಪಗದ" ಎಂದು ಹೇಳಿ ಗೊಂಬೆಯನ್ನು ಕಟ್ಟೆಯ ಮೇಲೆ ಇಟ್ಟು ಹೊರಟೇಬಿಟ್ಟ.

ಗುರುಲಿಂಗಯ್ಯನವರು ನನ್ನ ಮುಖ ನೋಡಿದರು. ನಾನು ಟೈರು ತೆಗೆದುಕೊಳ್ಳದೆ ಹೊರಗೆ ಬಂದು ಅವನನ್ನು ಬಸ್ ಸ್ಟ್ಯಾಂಡಿನವರೆಗೂ ಬೈದೆ. ಅವನು ನಗುತ್ತಲೇ ಇದ್ದ.

ಹೀಗೆ ಕೂಡಿಸುತ್ತ ಒಲೆಯ ಮೇಲಿನ ಹಲಗೆ ತುಂಬಿತು. ಸ್ಟೇಷನ್ನಿನ ಪಕ್ಕದ ಮನೆಯಾದ್ದರಿಂದ ಗೊಂಬೆಗಳಿಗೆಲ್ಲ ರೈಲ್ವೆಯ ಹುದ್ದೆ ಕೊಟ್ಟಿದ್ದ. ಕರಿಬಣ್ಣದ್ದು ಫೈರ್‌ಮನ್, ಕೈಯಲ್ಲಿ ಏನೋ ದೀಪ ಹಿಡಿದದ್ದು ಗಾರ್ಡ್ ಸಾಹೇಬ, ನಡೆಯದೆ ಒಂದೇ ಕಡೆ ಗರಗರ ತಿರುಗುವುದು ಟಿಕೆಟ್ ನೋಡುವ ಟೀಸಿ. ಮೊದಲು ಬಂದದ್ದು, ಎಲ್ಲಕ್ಕಿಂತ ಹಳೆಯದು, ಸ್ಟೇಷನ್ ಮಾಸ್ತರ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಮಾಸ್ತರನಿಗೆ ಕೀಲಿ ಕೊಟ್ಟು ಒಂದು ಸುತ್ತು ನಡೆಸಬೇಕು. "ಮಾಸ್ತರ ಹೊರಗ ಬರಲಾರದ ಗಾಡಿ ಹ್ಯಾಂಗ ಬಿಡ್ತದ?" ಅನ್ನುತ್ತಿದ್ದ.

ಜೈತುನ್ಬೀ ನನ್ನ ಹತ್ತಿರ ಬಂದು ದೂರು ಹೇಳುತ್ತಿದ್ದಳು. "ನೋಡಣ್ಣಾ, ಮನ್ಯಾಗ ಮನಷ್ಯಾರಿಗಿ ಕಾಲು ಚಾಚಾಕ ಜಾಗಾ ಇಲ್ಲ, ಇವ ತಗಡಿನವ್ರಿಗಿ ಕ್ವಾರ್ಟರ್ಸ್ ಕೊಟ್ಟಾನ." ಒಂದು ದಿನ ಆಕೆ ಟೀಸಿಯನ್ನು ಅನ್ನದ ಗಡಿಗೆಯ ಮುಚ್ಚಳಕ್ಕೆ ಊರುಗೋಲು ಮಾಡಿ ನಿಲ್ಲಿಸಿದಳು. ಬಂದೇಅಲಿ ಅಂದು ಊಟ ಬಿಟ್ಟ. ಮರುದಿನದಿಂದ ಗೊಂಬೆಗಳು ಹಲಗೆಯಿಂದ ಮಾಯವಾದವು.

ಎಲ್ಲಿಟ್ಟಿದ್ದ ಎಂದರೆ ಅಚ್ಚುಗಳಲ್ಲಿ. ಸಕ್ಕರೆ ಗೊಂಬೆಯ ಅಚ್ಚು ಎಂದರೆ ಸಾಗವಾನಿಯ ಎರಡು ಹೋಳು, ಒಳಗೆ ಆನೆಯೋ ಕುದುರೆಯೋ ಕೆತ್ತಿರುತ್ತದೆ. ಎರಡನ್ನೂ ಕೂಡಿಸಿ ದಾರ ಸುತ್ತಿ, ಬುಡದ ತೂತಿನಿಂದ ಪಾಕ ಹುಯ್ಯುತ್ತಾರೆ. ಗೌರಿ ಹುಣ್ಣಿಮೆಯೊಂದು ಬಿಟ್ಟರೆ ವರ್ಷವೆಲ್ಲ ಅವು ಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲೆ ಬಿದ್ದಿರುತ್ತವೆ, ಯಾರೂ ಮುಟ್ಟುವುದಿಲ್ಲ. ಆನೆಯ ಹೊಟ್ಟೆಯೊಳಗೆ ಫೈರ್‌ಮನ್, ಕುದುರೆಯೊಳಗೆ ಗಾರ್ಡ್. ಎಲ್ಲಕ್ಕಿಂತ ದೊಡ್ಡದು ಗುಡಿಯ ಅಚ್ಚು. ಅದರೊಳಗೆ ಸ್ಟೇಷನ್ ಮಾಸ್ತರ. ಹೇಳಿ ಮಾಡಿಸಿದ ಹಾಗೆ ಕೂತಿದ್ದನಂತೆ.

ಈಗ ನನ್ನ ವಿಷಯ. ನಾನು ನಾಲ್ಕನೇ ಇಯತ್ತೆ ಕಲಿತು ಬಿಟ್ಟು ಸ್ಟೇಷನ್ ಎದುರು ಸೈಕಲ್ ಅಂಗಡಿ ಹಾಕಿದವನು. ಕಾಳಗಿಯ ಶರಣಬಸಮ್ಮನನ್ನು ನೋಡಿ ಬಂದೆ, ಮಾತಾಯಿತು. ಅವರ ಮನೆಯಲ್ಲಿ ಎಲ್ಲರೂ ಒಪ್ಪಿದರು, ಭಾಗಮ್ಮಜ್ಜಿ ಒಬ್ಬಳು ಒಪ್ಪಲಿಲ್ಲ. "ಆ ಹುಡುಗಗ ಸಿಟ್ಟು ಭಾಳಂತ. ಗಿರಾಕಿಗಿ ಪಂಪು ತಗೊಂಡು ಬಡದಾನಂತ" ಎಂದು ಯಾರೋ ಆಕೆಯ ಕಿವಿ ತುಂಬಿದ್ದರು. ಇದು ಪೂರ್ತಿ ಸುಳ್ಳು. ನಾನು ಪಂಪು ಎಸೆದದ್ದು ನಿಜ. ಗಿರಾಕಿಗೆ ತಾಗಲಿಲ್ಲ, ಓಡಿದ್ದ. ಆದರೆ ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆ. "ಗೌರಿ ಹುಣ್ಣಿಮಿ ಆಗ್ಲಿ, ಆಮ್ಯಾಲ ಹೇಳ್ತೀನಿ" ಅಂದಿದ್ದಳು. ಬೇರೆ ಹುಡುಗಿ ನೋಡು ಅಂದರು ನಮ್ಮವರು. ನನಗೆ ಬೇರೆ ಹುಡುಗಿ ಬೇಡವಾಗಿತ್ತು. ನೋಡಲು ಹೋದ ದಿನ ನಾನು ಚಹಾದಲ್ಲಿ ಸಕ್ಕರೆ ಕಮ್ಮಿ ಎಂದು ಮುಖ ಗಂಟು ಹಾಕಿದಾಗ, ಆಕೆ ಬಾಗಿಲ ಹಿಂದಿನಿಂದ ಸಕ್ಕರೆಯ ಡಬ್ಬಿಯನ್ನೇ ತಂದು ನನ್ನ ಮುಂದೆ ಕುಕ್ಕಿ ಹೋಗಿದ್ದಳು. ಅದು ನನಗೆ ಹಿಡಿಸಿತ್ತು.

ಅಜ್ಜಿ ಒಪ್ಪದಿದ್ದರೂ ಮಾತಾಗಿತ್ತಲ್ಲ, ಆರತಿ ಕಳಿಸಲೇಬೇಕು. ಹುಣ್ಣಿಮೆಯ ಹಿಂದಿನ ದಿನ ಬಂದೇಅಲಿಯ ಮನೆಗೆ ಹೋದರೆ ಜಾತ್ರೆ. ಚಿಂಚೋಳಿಯವರು, ಶಹಾಬಾದಿನವರು ಬುಟ್ಟಿ ಹಿಡಿದು ನಿಂತಿದ್ದಾರೆ. ನನ್ನದು ಇನ್ನೂ ಆಗಿಲ್ಲ.

"ನಂದೆಲ್ಲಿ?" ಅಂದೆ.

"ಆನಿ ಆಗ್ಯಾದ, ನವಿಲ ಆಗ್ಯಾದ. ಗುಡಿ ಒಂದು ಉಳದದ. ಕುಂದ್ರು."

"ಕುಂದ್ರಾಕ ಬಂದಿಲ್ಲ ನಾ. ಚಿತ್ತಾಪುರ ಬಸ್ಸು ಹೋಗ್ತದ. ಅಲ್ಲಿಂದ ಕಾಳಗಿ ಬಸ್ಸು ತಪ್ಪಿದ್ರ ನಿನ್ನ ತಲಿ ಮ್ಯಾಲ ಕುಂತು ಹೋಗ್ಲ್ಯಾ?"

"ಅಚ್ಚು ಬಿಚ್ಚಿ ಒರಸಬೇಕೋ ಮಾರಾಯಾ."

"ನೀರಾಗ ನೆನದದಲ್ಲ! ಮತ್ತೇನ್ ಒರಸ್ತಿ? ಹುಯ್ಯಿ!"

ಅಚ್ಚುಗಳನ್ನು ಜೈತುನ್ಬೀ ಬೆಳಿಗ್ಗೆಯೇ ನೀರಿನ ತೊಟ್ಟಿಯಲ್ಲಿ ನೆನೆಹಾಕಿದ್ದಳು. ಒಣ ಕಟ್ಟಿಗೆಗೆ ಸಕ್ಕರೆ ಅಂಟುತ್ತದೆ, ಅದಕ್ಕೆ. ದಾರ ಸುತ್ತಿದ್ದನ್ನು ಸುತ್ತಿದ ಹಾಗೇ ಮುಳುಗಿಸಿದ್ದಳು. ಬಂದೇಅಲಿ ಒಂದೊಂದನ್ನೇ ಬಿಚ್ಚಿ, ಒಳಗಿನ ರೈಲ್ವೆಯವರನ್ನು ಗುಟ್ಟಾಗಿ ಲುಂಗಿಯ ಮಡಿಕೆಗೆ ಇಳಿಸಿ, ಒರೆಸಿ, ಮತ್ತೆ ಕಟ್ಟಿ ಹುಯ್ಯುತ್ತಿದ್ದ. ಗುಡಿಯ ಸರದಿ ಬಂದಾಗ ನಾನು ಅವನ ಕಿವಿಯ ಹತ್ತಿರ ನಿಂತು ಕೂಗುತ್ತಿದ್ದೆ. ಅವನು ಗಡಬಡಿಸಿ, ಬಿಚ್ಚದೆ ಪಾಕ ಹುಯ್ದುಬಿಟ್ಟ. ಇದರಲ್ಲಿ ನನ್ನ ತಪ್ಪು ಏನಿದೆ? ಗಿರಾಕಿ ಎಂದ ಮೇಲೆ ಅವಸರ ಮಾಡುವವನೇ. ಅಚ್ಚಿನೊಳಗೆ ಮನುಷ್ಯರನ್ನು ಇಡು ಎಂದು ನಾನು ಹೇಳಿದ್ದೆನೇ?

ಅಚ್ಚು ಬಿಚ್ಚಿದಾಗ ಬೆಳ್ಳಗೆ, ಗಟ್ಟಿಯಾದ, ಗೇಣುದ್ದದ ಗುಡಿ. ಕೈಗೆ ಭಾರ.

"ತೂಕ ಅದಲ್ಲೋ" ಅಂದೆ.

"ನಿಮ್ಮ ಮನಿ ಮರ್ಯಾದಿ ತೂಕ ಅದು. ತಗೊಂಡು ಹೋಗು, ನನ್ನ ಕಿವಿ ಉಳೀಲಿ."

ನಾನೂ ನಮ್ಮ ಅವ್ವನೂ ಬುಟ್ಟಿಯಲ್ಲಿ ಕಬ್ಬಿನ ಒಣಗರಿಯ ರವದಿ ಹಾಕಿ ಗೊಂಬೆ ಮುಚ್ಚಿಕೊಂಡು ಕಾಳಗಿಗೆ ಹೋದೆವು. ಗುಂಡಗುರ್ತಿಯ ಹತ್ತಿರ ರಸ್ತೆಯ ತಗ್ಗಿಗೆ ಬಸ್ಸು ಹಾರಿದಾಗ ಆನೆಯ ಸೊಂಡಿಲು ಮುರಿಯಿತು. ಗುಡಿಗೆ ಏನೂ ಆಗಲಿಲ್ಲ. ಆರತಿ ಒಪ್ಪಿಸಿ ಬಂದೆವು. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದಳು.

ನಾಲ್ಕಾರು ದಿನ ಕಳೆದು ನಾನು ಒಂದು ಸೈಕಲ್ಲಿನ ಗಾಲಿ ಬಿಚ್ಚುತ್ತ ಕೂತಿದ್ದೆ. ಬಂದೇಅಲಿ ಅಂಗಡಿಯೊಳಗೆ ನುಗ್ಗಿದ. ಹುಬ್ಬಿನ ಮೇಲೆ ಸಕ್ಕರೆ ಇರಲಿಲ್ಲ. ಅಂದರೆ ಒಲೆ ಹಚ್ಚಿಲ್ಲ.

"ಅಮೃತಪ್ಪಾ, ಮಾಸ್ತರ ಕಾಣವಲ್ಲ."

"ಯಾವ ಮಾಸ್ತರ? ಸಾಲೀ ಮಾಸ್ತರೋ?"

"ನಮ್ಮ ಸ್ಟೇಷನ್ ಮಾಸ್ತರೋ! ಗಾರ್ಡ್ ಇದ್ದಾನ, ಟೀಸಿ ಇದ್ದಾನ, ಮಾಸ್ತರ ಇಲ್ಲ. ಜೈತುನ್‌ನ ಕೇಳಿದ್ರ ಬದ್ಲಿ ಆಗಿರಬೇಕು ಅಂತ ನಗ್ತಾಳ. ಹಬ್ಬದ ಗದ್ದಲದಾಗ ಎಲ್ಲಿ ಇಟ್ಟೆ ಅಂತ ನೆನಪೇ ಆಗವಲ್ದು."

ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಚಿತ್ತಾಪುರ ಬಸ್ಸಿನ ಕಂಡಕ್ಟರ್ ಅಂಗಡಿಯ ಮುಂದೆ ನಿಂತು ಕೂಗಿದ. "ಅಮೃತಪ್ಪಾ, ಕಾಳಗಿಯಿಂದ ನಿಮ್ಮ ಬೀಗರು ಹೇಳಿ ಕಳಿಸ್ಯಾರ. ಅಜ್ಜಿ ಒಪ್ಯಾಳಂತ! ನೀವು ಕಳಿಸಿದ ಸಕ್ರಿ ಗುಡಿ ಒಳಗಿಂದ ವೀರಭದ್ರ ದೇವರು ಎದ್ದು ಬಂದಾನಂತ. ಕಬ್ಬಿಣದ ಅಂಗಿ ಹಾಕ್ಕೊಂಡಾನಂತ. ನಾಳೆ ನೀವು ಬರಬೇಕಂತ, ಗುಡಿ ಮಾಡಿದವನ್ನೂ ಕರಕೊಂಡು ಬರಬೇಕಂತ."

ಬಸ್ಸು ಹೋಯಿತು. ನಾನು ಬಂದೇಅಲಿಯನ್ನು ನೋಡಿದೆ. ಬಂದೇಅಲಿ ನನ್ನನ್ನು ನೋಡಿದ.

"ಬಿಚ್ಚಿ ಒರಸಬೇಕು ಅಂದೆ ನಾ" ಅಂದ.

"ಗುಡ್ಯಾಗ ಯಾಕ ಇಟ್ಟಿ ನೀ?"

"ಹುಯ್ಯಿ ಹುಯ್ಯಿ ಅಂತ ಯಾರು ಒದರಿದ್ರು?"

ನಾನು ಪಂಪು ಎತ್ತಿದೆ. ಅವನು ಓಡಲಿಲ್ಲ, ಸ್ಟೂಲಿನ ಮೇಲೆ ಕುಸಿದು ಕೂತ. ಹೊಡೆಯಲು ಮನಸ್ಸಾಗಲಿಲ್ಲ.

"ನಾಳೆ ಹೋಗಿ ಅವ್ರಿಗಿ ಹೇಳಿ ಇಸ್ಕೊಂಡು ಬರ್ತೀನಿ" ಅಂದ.

"ಹೇಳಿದಿ ಅಂದ್ರ ನನ್ನ ಮದುವಿ ಹೋತು. ಮುದುಕಿ ಒಪ್ಪಿದ್ದು ದೇವರ ಸಲುವಾಗಿ, ನನ್ನ ಸಲುವಾಗಿ ಅಲ್ಲ. ಅದು ಗೊಂಬಿ ಅಂತ ಗೊತ್ತಾದ್ರ ಚ್ಯಾಷ್ಟಿ ಮಾಡ್ಯಾರ ಅಂತಾಳ. ಮ್ಯಾಲ ಆರತ್ಯಾಗ ಹೋಗಿದ್ದನ್ನ ತಿರುಗಿ ಕೇಳಿದ್ರ ಸಂಬಂಧನೇ ಮುರೀತು."

"ಮತ್ತ ನನ್ನ ಮಾಸ್ತರ?"

ಉತ್ತರ ಇಲ್ಲದಾಗ ನಾನು ಬೈಯುತ್ತೇನೆ. ಬೈದೆ.

ಮರುದಿನ ಕಾಳಗಿಯ ದಾರಿಯುದ್ದಕ್ಕೂ ಅವನು ಅಂಗಿಯ ಕಿಸೆಯಲ್ಲಿ ಕೈ ಹಾಕಿಕೊಂಡೇ ಕೂತಿದ್ದ. ಕಿಸೆಯಲ್ಲಿ ಮಾಸ್ತರನ ಕೀಲಿ ಇತ್ತು. ಅದನ್ನು ಒಬ್ಬರ ಮುಂದೆ ತೆಗೆದರೆ ಸಾಕು, ನನ್ನ ಕಥೆ ಮುಗಿದ ಹಾಗೆ.

ಮನೆಯ ತುಂಬ ಜನ. ದೇವರ ಜಗುಲಿಯ ಮೇಲೆ ವಿಭೂತಿ, ಬಿಲ್ವಪತ್ರೆ, ಸೇವಂತಿಗೆ. ನಡುವೆ ನಮ್ಮ ಓಣಿಯ ಒಲೆಯ ಮೇಲೆ ಹೊಗೆ ಕುಡಿದು ಬೆಳೆದ ಸ್ಟೇಷನ್ ಮಾಸ್ತರ, ಹಣೆಗೆ ಮೂರು ಬೆರಳಿನ ವಿಭೂತಿ ಬಡಿಸಿಕೊಂಡು ನಿಂತಿದ್ದಾನೆ. ಸೊಂಟದಿಂದ ಕೆಳಗೆ ಇನ್ನೂ ಸಕ್ಕರೆ ಅಂಟಿಕೊಂಡಿತ್ತು, ಬಿಳಿ ಧೋತರ ಉಟ್ಟ ಹಾಗೆ. ಆರತಿಯಾದ ಮೇಲೆ ಅಜ್ಜಿ ಗುಡಿಯನ್ನು ಒಡೆಯಲು ಬಿಡದೆ ಜಗುಲಿಯ ಮೇಲೆ ಇಟ್ಟಿದ್ದಳಂತೆ. ಇರುವೆ ಹತ್ತಿದವು ಎಂದು ಮೇಲೆ ನೀರು ಚಿಮುಕಿಸಿದರೆ ಶಿಖರ ಕರಗಿ, ಮೊದಲು ಚೌಕಾದ ತಲೆ, ಆಮೇಲೆ ಕಣ್ಣು. ನಮ್ಮ ಕಡೆಯ ವೀರಭದ್ರನ ಹಿತ್ತಾಳೆಯ ಮುಖ ನೋಡಿದವರಿಗೆ ಗೊತ್ತು, ದೊಡ್ಡ ಕಣ್ಣು, ಗಟ್ಟಿ ದವಡೆ. ಅಜ್ಜಿಗೆ ಮೊದಲೇ ಕಣ್ಣು ಮಂಜು. ಸಕ್ಕರೆ ಗುಡಿಯ ಒಳಗಿಂದ ದೇವರಲ್ಲದೆ ಮತ್ತೆ ಯಾರು ಬರುತ್ತಾರೆ?

"ಬಾ ತಮ್ಮಾ" ಎಂದು ಅಜ್ಜಿ ನನ್ನನ್ನು ಕರೆದಳು. "ನಿನ್ನ ಸಿಟ್ಟಿನ ಸುದ್ದಿ ಕೇಳಿ ನಾ ಅಂಜಿದ್ದೆ. ವೀರಭದ್ರಗೂ ಸಿಟ್ಟು ಭಾಳಲ್ಲೋ. ಸಿಟ್ಟಿನವರ ಕೈಯಾಗೇ ಬಂದಾನ ಅವ. ಇನ್ನ ನನ್ನ ಮೊಮ್ಮಗಳನ್ನ ಕೊಡ್ಲಾರದ ಇರಾಕ ನಾ ಯಾರು?"

ನಾನು ತಲೆ ತಗ್ಗಿಸಿದೆ. ಶರಣಬಸಮ್ಮ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಭಕ್ತಿಯಿಂದ ಎಂದುಕೊಂಡೆ.

ಆಮೇಲೆ ಅಜ್ಜಿ ಬಂದೇಅಲಿಯ ಕಡೆ ತಿರುಗಿದಳು. "ಸಾಬಣ್ಣಾ, ಗುಡಿ ಮಾಡಿದಂವ ನೀನೇ ಅಲ್ಲೇನು? ಖರೇ ಹೇಳು. ನೀ ಮಾಡುವಾಗ ಒಳಗ ದೇವರು ಇದ್ನೋ, ಆಮ್ಯಾಲ ಬಂದ್ನೋ?"

ಬಂದೇಅಲಿಯ ಕೈ ಕಿಸೆಯಲ್ಲಿತ್ತು. ಅವನು ಮಾಸ್ತರನನ್ನು ನೋಡುತ್ತಿದ್ದ. ಹತ್ತಿರ ಹೋಗಿ, ಒಂದು ಬೆರಳಿನಿಂದ ಅದರ ಕಾಲು ಮುಟ್ಟಿ, ಬೆರಳನ್ನು ನಾಲಿಗೆಗೆ ಹಚ್ಚಿದ.

"ನೋಡ್ರೇ, ಸಾಬ ಪ್ರಸಾದ ತಗೊಂಡ" ಅಂದಳು ಅಜ್ಜಿ.

ಬಂದೇಅಲಿ ಗಂಟಲು ಸರಿ ಮಾಡಿಕೊಂಡ. "ಯವ್ವಾ, ಗುಡಿ ಕಟ್ಟೋದು ಒಂದೇ ನನ್ನ ಕೆಲಸರಿ. ಒಳಗ ಯಾರು ಬಂದು ನಿಂತ್ರು ಅಂತ ನಾ ಬಿಚ್ಚಿ ನೋಡ್ಲಿಲ್ಲ. ನೋಡಾಕ ಇಂವ ಬಿಡ್ಲಿಲ್ಲ."

ಎಲ್ಲರೂ ನನ್ನನ್ನು ಭಕ್ತಿಯಿಂದ ನೋಡಿದರು.

"ಬೆನ್ನಾಗ ಒಂದು ತೂತ ಅದಲ್ಲೋ ದೇವರಿಗಿ, ಅದ್ಯಾಕ?" ಅಂದಳು ಅಜ್ಜಿ.

"ಸಕ್ರಿ ಒಳಗ ಉಸಿರು ಕಟ್ಟಬಾರದಲ್ರಿ" ಅಂದ ಬಂದೇಅಲಿ.

ಅಜ್ಜಿಗೆ ಅದು ಸರಿಯೆನಿಸಿತು. ತಂಬಿಗೆಯಲ್ಲಿ ಬಿಸಿನೀರು ತರಿಸಿ, ಉಳಿದ ಸಕ್ಕರೆ ಕರಗಲೆಂದು ದೇವರ ಕಾಲ ಮೇಲೆ ಹುಯ್ದಳು. ಇಲ್ಲಿ ಒಂದು ವಿಷಯ ಯಾರಿಗೂ ಗೊತ್ತಿರಲಿಲ್ಲ. ಬಂದೇಅಲಿ ಮಾಸ್ತರನನ್ನು ಅಚ್ಚಿನಲ್ಲಿ ಇಡುವಾಗ, ಜೈತುನ್ಬೀ ಬಂದಳೆಂದು ಗಡಬಡಿಸಿ, ಕೀಲಿ ಕೊಟ್ಟವನನ್ನು ನಡೆಸದೆ ಹಾಗೇ ಮುಚ್ಚಿದ್ದ. ಸ್ಪ್ರಿಂಗು ಬಿಗಿದುಕೊಂಡೇ ಇತ್ತು. ಕಾಲಿನ ಸಕ್ಕರೆ ಕರಗಿತು. ಮೊದಲು ಒಳಗಿನಿಂದ 'ಕಟ್' ಎಂದು ಸದ್ದು. ಆಮೇಲೆ ವೀರಭದ್ರ ದೇವರು ಕರ್ ಕರ್ ಎನ್ನುತ್ತ ಜಗುಲಿಯ ಮೇಲೆ ನಡೆಯತೊಡಗಿದ.

ಅರ್ಧ ಮನೆ ನೆಲಕ್ಕೆ ಬಿತ್ತು. ಉಳಿದರ್ಧ ಹೊರಗೆ ಓಡಿತು. ನನ್ನ ಭಾವೀ ಮಾವ ಎರಡನ್ನೂ ಮಾಡಿದರು, ಓಡುತ್ತ ಬಿದ್ದರು. ದೇವರು ಬಿಲ್ವಪತ್ರೆ ತುಳಿದುಕೊಂಡು, ಗಂಟೆಗೆ ತಾಗಿ, ಸರ್ರನೆ ತಿರುಗಿ, ನೇರ ನನ್ನ ಕಡೆ ಬಂದು, ಅಂಚಿನಲ್ಲಿ ಸ್ಪ್ರಿಂಗು ಮುಗಿದು ನಿಂತ. ಅಜ್ಜಿ ಕಣ್ಣೀರು ಸುರಿಸುತ್ತ, "ಅಳಿಯನ್ನ ನೋಡಾಕ ಎದ್ದು ಬಂದ, ನನ್ನಪ್ಪಾ" ಅಂದಳು.

ಬಂದೇಅಲಿಗೆ ನಗು ಬಂತು. ನನಗೆ ಗೊತ್ತಿತ್ತು, ಶುರುವಾದರೆ ನಿಲ್ಲುವುದಿಲ್ಲ. ಅವನ ಕಾಲಿನ ಮೇಲೆ ನನ್ನ ಕಾಲಿಟ್ಟು ಒತ್ತಿದೆ. ಅವನು ಮುಖ ಮುಚ್ಚಿಕೊಂಡು ನೆಲಕ್ಕೆ ಕೂತು ಗದಗದ ನಡುಗಿದ. ಮೈಮೇಲೆ ಬಂದಿದೆ ಎಂದು ಎರಡು ಮಂದಿ ಹಿಡಿದುಕೊಂಡು ಅವನ ತಲೆಗೆ ನಿಂಬೆಹಣ್ಣು ತಿಕ್ಕಿದರು.

ಹೀಗೆ ನನ್ನ ಮದುವೆ ಗಟ್ಟಿಯಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಬಂದೇಅಲಿಗೆ ಮಾತು ಕೊಟ್ಟೆ. "ಅಜ್ಜಿ ಇರೋತನಕ ಇರ್ಲಿ. ಆಮ್ಯಾಲ ನಿನ್ನ ಮಾಸ್ತರನ್ನ ನಾನೇ ನಿನ್ನ ಕೈಯಾಗ ತಂದು ಇಡ್ತೀನಿ. ನನ್ನ ಮ್ಯಾಲ ಸಾಲ ಇದು."

"ವಯಸ್ಸು ಎಷ್ಟು ಅಜ್ಜಿಗಿ?" ಎಂದು ಕೇಳಿದ. ಅವನಿಗೆ ಬೈದೆ. ಆದರೆ ನಾನೂ ಅದನ್ನೇ ಲೆಕ್ಕ ಹಾಕುತ್ತಿದ್ದೆ.

ಭಾಗಮ್ಮಜ್ಜಿ ಆ ದೇವರ ದಯದಿಂದ ಗುಂಡುಕಲ್ಲಿನ ಹಾಗೆ ಇದ್ದಳು. ನನಗೆ ಮಕ್ಕಳಾದವು, ಬಂದೇಅಲಿಯ ಗಡ್ಡ ಬೆಳ್ಳಗಾಯಿತು, ಅಜ್ಜಿ ಇದ್ದಳು. ಪ್ರತಿ ಗೌರಿ ಹುಣ್ಣಿಮೆಗೆ ಬಂದೇಅಲಿ ತಾನೇ ಒಂದು ಸಕ್ಕರೆ ಗುಡಿ ಹೊತ್ತು ಕಾಳಗಿಗೆ ಹೋಗುತ್ತಿದ್ದ. "ಗುಡಿ ಕುಂದ್ರಸೋತನಕ ಯಾರೂ ಒಳಗ ಬರಬ್ಯಾಡ್ರಿ" ಎಂದು ಹೇಳಿ ಪರದೆ ಎಳೆದು, ಮಾಸ್ತರನಿಗೆ ಕೀಲಿ ಕೊಟ್ಟು, ಪರದೆ ಸರಿಸುತ್ತಿದ್ದ. ವರ್ಷಕ್ಕೊಮ್ಮೆ ದೇವರು ನಡೆಯುತ್ತಾನೆ ಎಂದು ಐನಾಪುರದಿಂದಲೂ ಜನ ಬರತೊಡಗಿದರು. ಇವನಿಗೆ ಅದೆಲ್ಲ ಬೇಕಾಗಿರಲಿಲ್ಲ. ಮಾಸ್ತರ ಒಂದು ಸುತ್ತು ನಡೆದದ್ದನ್ನು ನೋಡಿ, ಮುಖ ಮುಚ್ಚಿಕೊಂಡು ನಡುಗಿ, ಮುಂದಿನ ಬಸ್ಸಿಗೆ ಬರುತ್ತಿದ್ದ. ಶಹಾಬುದ್ದೀನ ಆಮೇಲೆಯೂ ಎಷ್ಟೋ ಗೊಂಬೆ ತಂದ. ಮಾಸ್ತರನ ಹಾಗಿನದು ಒಂದೂ ಸಿಗಲಿಲ್ಲ, ಸಿಕ್ಕವೆಲ್ಲ ಆಮೇಲೆ ಮಾಡಿದವು, ಪ್ಲಾಸ್ಟಿಕ್ ಕೈಯವು. ಅಚ್ಚಿನ ಸಹವಾಸ ಸಾಕೆಂದು ಗೊಂಬೆಗಳನ್ನು ಮತ್ತೆ ಹಲಗೆಯ ಮೇಲೆ ಜೋಡಿಸಿ, ಮಾಸ್ತರನ ಜಾಗ ಖಾಲಿಯೇ ಇಟ್ಟಿದ್ದ. ಜೈತುನ್ಬೀ ಕೂಡ ಅಲ್ಲಿ ಏನೂ ಇಡುತ್ತಿರಲಿಲ್ಲ.

ಹೋದ ವರ್ಷ ಅಜ್ಜಿ ಹೋದಳು. ಕಾರ್ಯ ಮುಗಿದ ಮೇಲೆ ಶರಣಬಸಮ್ಮ ದೇವರನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ವಾಡಿಗೆ ತಂದು ನಮ್ಮ ಜಗುಲಿಯ ಮೇಲೆ ಇಟ್ಟಳು. ನನಗೆ ಹಗುರವಾಯಿತು. ಬಂದೇಅಲಿಯನ್ನು ಕರೆಸಿ, ಹೆಂಡತಿಯನ್ನು ಕೂಡಿಸಿಕೊಂಡು, ಎಲ್ಲ ನಿಜವನ್ನೂ ಹೇಳಿದೆ.

ಆಕೆ ಎಲ್ಲ ಕೇಳಿ, "ಗೊತ್ತದ" ಅಂದಳು.

"ಏನ್ ಗೊತ್ತದ?"

"ಗೊಂಬಿ ಅಂತ. ಅವತ್ತೇ ಗೊತ್ತಿತ್ತು. ಬೆನ್ನಾಗ ತೂತಿನ ಬಾಜೂಕ ಜಪಾನ್ ಅಂತ ಇಂಗ್ಲೀಷಿನ್ಯಾಗ ಬರದದ. ನಾ ಏಳನೇತ್ತ ಕಲ್ತೀನಿ, ನಿಮ್ಮಂಗ ನಾಕನೇತ್ತ ಅಲ್ಲ."

ಬಂದೇಅಲಿ ನಗಲು ಶುರು ಮಾಡಿದ. ನಾನು ಕೂಗಿದೆ. "ಗೊತ್ತಿದ್ದು ಸುಮ್ನಿದ್ದಿ?"

"ಹೇಳಿದ್ರ ಮದುವಿ ಆಗ್ತಿತ್ತೇನು?" ಅಂದಳು.

"ಹಂಗಿದ್ರ ತಂಗೀ, ಮಾಸ್ತರನ್ನ ಕೊಡು. ಹೋಗ್ತೀನಿ" ಎಂದು ಬಂದೇಅಲಿ ಕೈ ಚಾಚಿದ.

"ಅಣ್ಣಾ, ಗೊಂಬಿ ಅಂತೇಳಿ ಕೊಡಬಹುದಿತ್ತು. ಆದ್ರ ಆರತ್ಯಾಗ ಬಂದದ್ದು ಅದು. ತಿರುಗಿ ಕೊಟ್ರ ಈ ಮನಷ್ಯಾನ್ನೂ ಬಿಟ್ಟು ನಾ ಕಾಳಗಿಗಿ ಹೋಗಬೇಕಾಗ್ತದ. ಹೋಗ್ಲೇನು?"

ಬಂದೇಅಲಿ ನನ್ನನ್ನೂ ಗೊಂಬೆಯನ್ನೂ ಬಹಳ ಹೊತ್ತು ನೋಡಿದ. ಅಷ್ಟು ಹೊತ್ತು ಯಾಕೆ ನೋಡಬೇಕಾಗಿತ್ತೋ ನನಗೆ ಇಂದಿಗೂ ಅರ್ಥವಾಗಿಲ್ಲ. ಕೊನೆಗೆ, "ಬ್ಯಾಡ ಬಿಡು" ಅಂದ.

ಈಗ ಅವನು ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ನಮ್ಮ ಮನೆಗೆ ಬರುತ್ತಾನೆ. ಕಿಸೆಯಿಂದ ಕೀಲಿ ತೆಗೆದು ಮಾಸ್ತರನನ್ನು ಒಂದು ಸುತ್ತು ನಡೆಸುತ್ತಾನೆ. ನನ್ನ ಹೆಂಡತಿ ಅವನಿಗೆ ಚಹಾ ಕೊಡುತ್ತಾಳೆ, ಸಕ್ಕರೆ ಜಾಸ್ತಿ ಹಾಕಿ. ನನಗೆ ಕಮ್ಮಿ. ಕೀಲಿಯನ್ನಾದರೂ ಇಲ್ಲೇ ಬಿಟ್ಟು ಹೋಗು ಅಂದರೆ, "ಸಾಲ ತೀರೋತನಕ ಕೀಲಿ ನಂದೇ" ಅನ್ನುತ್ತಾನೆ.

ಮೊನ್ನೆ ಗೋಡೆಯ ಫೋಟೋದ ಮುಂದೆ ನಿಂತು ಹೇಳಿದ. "ಅಮೃತಪ್ಪಾ, ಮಾಸ್ತರನ್ನ ಕೊಡಾಕ ಆಗಲ್ಲಂದ್ರ ಈ ಫೋಟೋ ಆದ್ರೂ ಕೊಡು. ಹಲಗಿ ಮ್ಯಾಲ ಅವನ ಜಾಗದಾಗ ಇಡ್ತೀನಿ. ಸಾಲ ಮುಟ್ಟಿತು ಅಂತ ತಿಳಕೋತೀನಿ."

"ನನ್ನ ಮದುವಿ ಫೋಟೋ ನಿನಗ ಯಾಕ ಕೊಡಬೇಕೋ?"

"ನಿಂದಲ್ಲೋ ಇದು. ನೀ ಇದರಾಗ ಅರ್ಧ ಇದ್ದಿ. ನಮ್ಮವ ಪೂರಾ ಇದ್ದಾನ."

ಪಂಪು ಹುಡುಕಿದೆ. ಅಂಗಡಿಯಲ್ಲಿತ್ತು. ಬಾಯಿಗೆ ಬಂದದ್ದೆಲ್ಲ ಬೈದು ಹೊರಗೆ ಹಾಕಿದೆ. ಮರುದಿನ ಬೆಳಿಗ್ಗೆ ಬತ್ತಾಸಿನ ಪೊಟ್ಟಣ ಹಿಡಿದು ಬಂದ, ಕೀಲಿ ಕೊಟ್ಟ, ಮಾಸ್ತರ ನಡೆದ. ಫೋಟೋ ಗೋಡೆಯ ಮೇಲೆಯೇ ಇದೆ, ಅವನ ಹಲಗೆಯ ಮೇಲೆ ಆ ಜಾಗ ಖಾಲಿ ಇದೆ.